ಅಲ್ಮಾಟಿಯಲ್ಲಿ ಮನೆ ಹೂಡಿ, ಅವುಲಿಗೂ ಹೋಗಿಬರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಿಗೆ, ಕೆಲಸಕ್ಕೆ ಅಂತ ಕಜಕಸ್ತಾನಕ್ಕೆ ಹೊರಟ ಕನ್ನಡಿಗರೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವು ಅಲ್ಮಾಟಿ ಸುತ್ತಮುತ್ತಲಿನವು. ಅವುಲ್ ಅಂದರೆ ಹಳ್ಳಿ. ಅಲ್ಲಿಗೆ ಒಮ್ಮೆಯೂ ಹೋಗದೆ ಐದಾರು ವರ್ಷ ಹಾಸ್ಟೆಲ್ಲಿನಲ್ಲೇ ಕಳೆದು ಬರುವವರು ಬಹಳ ಮಂದಿ. ಆ ದೇಶದ ಒಳ್ಳೆಯ ಭಾಗವೆಲ್ಲ ಅಲ್ಲೇ ಇರುವುದರಿಂದ ಹಳ್ಳಿಯ ಪ್ರಶ್ನೆಗಳಿಗೂ ಸಾಕಷ್ಟು ಜಾಗ ಕೊಟ್ಟಿದೆ.

## ಹೊರಡುವ ಮುನ್ನ, ಮೊದಲ ವಾರ

ಕಜಕಸ್ತಾನ ಅಂದರೆ ರಷ್ಯಾ ಥರಾನಾ, ಅರಬ್ ದೇಶದ ಥರಾನಾ? ಒಂದು ಅಂದಾಜು ಕೊಡಿ.

ಎರಡೂ ಅಲ್ಲ. ಕಜಕರು ತುರ್ಕಿ ಮೂಲದ ಭಾಷೆಯಾಡುವ, ಕುದುರೆ-ಕುರಿ ಮೇಯಿಸಿಕೊಂಡು ಊರಿಂದೂರಿಗೆ ಸಾಗುತ್ತಿದ್ದ ಜನ. ಹೆಚ್ಚಿನವರು ಸುನ್ನಿ ಮುಸ್ಲಿಮರು, ಆದರೆ ಸೋವಿಯತ್ ಕಾಲದ ಗುರುತು ದಿನದಿನದ ಬದುಕಿನಲ್ಲಿ ಗಾಢವಾಗಿ ಉಳಿದಿದೆ. ವಿಸ್ತೀರ್ಣ ಸುಮಾರು 27 ಲಕ್ಷ ಚದರ ಕಿ.ಮೀ., ಜನ ಎರಡು ಕೋಟಿ ಚಿಲ್ಲರೆ. ಅಂದರೆ ಭಾರತದ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲದಲ್ಲಿ ಕರ್ನಾಟಕದ ಮೂರನೇ ಒಂದು ಪಾಲಿನಷ್ಟು ಜನ. 1997ರವರೆಗೆ ಅಲ್ಮಾಟಿ ರಾಜಧಾನಿ, ಈಗ ಉತ್ತರದ ಅಸ್ತಾನಾ. 2024ರ ಮಾರ್ಚ್ 1ರಿಂದ ಇಡೀ ದೇಶಕ್ಕೆ ಒಂದೇ ಗಡಿಯಾರ, ನಮಗಿಂತ ಅರ್ಧ ಗಂಟೆ ಹಿಂದೆ. ಮನೆಗೆ ಫೋನ್ ಮಾಡಲು ಹೊತ್ತು ನೋಡಬೇಕಾಗಿಲ್ಲ.

ವೀಸಾ ಇಲ್ಲದೇನೇ ಹೋಗಬಹುದಂತೆ, ನಿಜವಾ? ಹೋಗಿ ಅಲ್ಲೇ ಕೆಲಸ ಹುಡುಕಿಕೊಳ್ಳಲಾ?

ಮೊದಲನೆಯದು ನಿಜ. 2022ರ ಜುಲೈಯಿಂದ ಭಾರತೀಯ ಪಾಸ್‌ಪೋರ್ಟ್ ಇದ್ದವರು ಒಂದು ಸಲಕ್ಕೆ 14 ದಿನ ವೀಸಾ ಇಲ್ಲದೆ ಇರಬಹುದು. 180 ದಿನಗಳಲ್ಲಿ ಒಟ್ಟು 42 ದಿನ ಮೀರುವಂತಿಲ್ಲ. ಇದು ನೋಡಿಕೊಂಡು ಬರುವವರಿಗೆ ಮಾತ್ರ. ಓದಿಗೂ ಕೆಲಸಕ್ಕೂ ಅದದರ ವೀಸಾ ಬೇಕು, ಅದನ್ನು ಕರೆಸಿಕೊಳ್ಳುವ ಸಂಸ್ಥೆಯ ಕಾಗದದ ಮೇಲೆ ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು. ‘ಹೋದ ಮೇಲೆ ಬದಲಾಯಿಸಿಕೊಡ್ತೀವಿ’ ಎನ್ನುವ ಏಜೆಂಟರ ಮಾತಿಗೆ ದುಡ್ಡು ಕಟ್ಟಬೇಡಿ.

ಇನ್ನೊಂದು ವಿಷಯ: ನೀವು ಬಂದ ಸುದ್ದಿಯನ್ನು ನಿಮ್ಮ ಆತಿಥೇಯರು ಮೂರು ಕೆಲಸದ ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಹೋಟೆಲಿನವರು ತಾವಾಗಿ ಮಾಡುತ್ತಾರೆ. ಸ್ನೇಹಿತರ ಮನೆಯಲ್ಲೋ ಬಾಡಿಗೆ ಫ್ಲಾಟಿನಲ್ಲೋ ಇಳಿದರೆ ಮನೆಯ ಮಾಲೀಕರಿಗೆ ನೀವೇ ನೆನಪಿಸಬೇಕು. ಮರೆತರೆ ಅದು ಹೊರಬೀಳುವುದು ವಾಪಸು ಹೊರಟ ದಿನ, ವಿಮಾನ ನಿಲ್ದಾಣದಲ್ಲಿ.

ಐಐಎನ್ ಇಲ್ಲದೆ ಏನೂ ನಡೆಯಲ್ಲ ಅಂತಾರೆ. ಏನದು?

ನಮ್ಮ ಆಧಾರ್ ಇದ್ದ ಹಾಗೆ, 12 ಅಂಕಿಯ ಗುರುತಿನ ಸಂಖ್ಯೆ. ಮೊದಲ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಆಸ್ಪತ್ರೆ ನೋಂದಣಿ ಎಲ್ಲಕ್ಕೂ ಇದನ್ನೇ ಕೇಳುತ್ತಾರೆ. ಮಾಡಿಸುವುದು ‘ತ್ಸೋನ್’ ಎನ್ನುವ ಜನಸೇವಾ ಕೇಂದ್ರದಲ್ಲಿ. ಪಾಸ್‌ಪೋರ್ಟ್ ಜತೆಗೆ ಅದರ ನೋಟರಿ ಮಾಡಿಸಿದ ಅನುವಾದ ಇಟ್ಟುಕೊಳ್ಳಿ.

ನಮ್ಮವರು ಎಡವುವುದು ಹೆಸರಿನಲ್ಲಿ. ‘ಹ’ ಅಕ್ಷರ ರಷ್ಯನ್ನಿನಲ್ಲಿ ಇಲ್ಲ. ಮಹೇಶ ಅಲ್ಲಿ ಮಖೇಶ ಆಗುತ್ತಾನೆ, ಕೆಲವೊಮ್ಮೆ ಮಗೇಶನೂ ಆಗುತ್ತಾನೆ. ಅನುವಾದದಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಬರಹ ಬಿದ್ದರೆ ಮುಂದೆ ಪ್ರತಿ ಕಿಟಕಿಯಲ್ಲೂ ತಕರಾರು. ಮೊದಲ ಅನುವಾದ ಕೈಗೆ ಬಂದಾಗಲೇ ಕಾಗುಣಿತ ನೋಡಿ, ಅದರ ಫೋಟೊ ಫೋನಿನಲ್ಲಿಟ್ಟುಕೊಂಡು ಎಲ್ಲ ಕಡೆ ಅದನ್ನೇ ತೋರಿಸಿ. ಪಾಸ್‌ಪೋರ್ಟಿನಲ್ಲಿ ಬರೀ ಇನಿಷಿಯಲ್ ಇದ್ದು ಮನೆತನದ ಹೆಸರಿನ ಜಾಗ ಖಾಲಿ ಇದ್ದವರಿಗೆ ಫಾರಂ ತುಂಬುವಾಗ ಇನ್ನೂ ತೊಂದರೆ. ಹೊರಡುವ ಮುಂಚೆ ಇಲ್ಲಿಯೇ ತಿದ್ದಿಸಿಕೊಂಡರೆ ವಾಸಿ.

ಐಐಎನ್ ಬಂದ ಮೇಲೆ ಕಾಸ್ಪಿ ಆ್ಯಪ್ ಹಾಕಿಕೊಳ್ಳಿ. ತರಕಾರಿ ಅಂಗಡಿಯ ಅಜ್ಜಿಯೂ ಅದರಲ್ಲೇ ದುಡ್ಡು ತೆಗೆದುಕೊಳ್ಳುತ್ತಾಳೆ. ಸಿಗ್ನಲ್ ಸಿಗದ ಬೆಟ್ಟದ ಕಡೆಗೆ ಮಾತ್ರ ನೋಟು ಬೇಕು.

ಮಗನನ್ನು ಎಂಬಿಬಿಎಸ್‌ಗೆ ಕಳಿಸ್ತಾ ಇದೀವಿ. ಕಾಲೇಜಿನವರಿಗೆ ಏನು ಕೇಳಬೇಕು?

ಭಾರತದ ವೈದ್ಯಕೀಯ ಆಯೋಗದ 2021ರ ನಿಯಮ ಕೈಯಲ್ಲಿಟ್ಟುಕೊಂಡು ಕೇಳಿ. ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು. ನೀಟ್ ಪಾಸಾಗಿರಲೇಬೇಕು. ಕೋರ್ಸಿನ ಅವಧಿ, ಇಂಟರ್ನ್‌ಶಿಪ್, ಪಾಠದ ಭಾಷೆ, ಈ ಮೂರಕ್ಕೂ ಕಾಲೇಜಿನವರಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಇನ್ನು, ಪಾಠ ಇಂಗ್ಲಿಷಿನಲ್ಲಿದ್ದರೂ ವಾರ್ಡಿನಲ್ಲಿ ಮಲಗಿರುವ ಅಜ್ಜನಿಗೆ ಇಂಗ್ಲಿಷ್ ಬಾರದು. ಮೂರನೇ ವರ್ಷಕ್ಕೆ ಕಾಲಿಡುವ ಹೊತ್ತಿಗೆ ‘ಎಲ್ಲಿ ನೋಯುತ್ತೆ, ಎಷ್ಟು ದಿನದಿಂದ’ ಎಂದು ರಷ್ಯನ್ನಿನಲ್ಲೋ ಕಜಕಿನಲ್ಲೋ ಕೇಳಲು ಬರದ ಹುಡುಗ ಗೋಡೆಗೊರಗಿ ನಿಲ್ಲಬೇಕಾಗುತ್ತದೆ.

## ಮನೆ, ಚಳಿ, ಅಡುಗೆ

ಎರಡು ರೂಮಿನ ಮನೆ ಅಂತ ಒಪ್ಪಿಕೊಂಡೆ, ಬೆಡ್‌ರೂಮ್ ಒಂದೇ ಇದೆ. ಮೋಸ ಆಯ್ತಾ?

ಇಲ್ಲ. ಅಲ್ಲಿ ಹಾಲನ್ನೂ ರೂಮಿನ ಲೆಕ್ಕಕ್ಕೇ ಸೇರಿಸುತ್ತಾರೆ, ಅಡುಗೆಮನೆ ಬೇರೆ. ನಮ್ಮ ಟೂ ಬಿಎಚ್‌ಕೆ ಅಲ್ಲಿ ಮೂರು ರೂಮಿನ ಮನೆ. ಹಾಗೆಯೇ ಅಲ್ಲಿನ ಒಂದನೇ ಮಹಡಿ ಎಂದರೆ ನೆಲಮಟ್ಟದ ಮನೆ.

ಕರಾರಿಗೆ ಮುಂಚೆ ಮೂರು ಪ್ರಶ್ನೆ ಕೇಳಿ. ಬಾಡಿಗೆಯಲ್ಲಿ ‘ಕಮುನಾಲ್ಕಾ’, ಅಂದರೆ ನೀರು, ಕರೆಂಟು, ಬಿಸಿಯ ಬಿಲ್ಲು ಸೇರಿದೆಯೇ? ಬೇಸಿಗೆಯಲ್ಲಿ ಕೊಳವೆ ರಿಪೇರಿಗೆ ಬಿಸಿನೀರು ನಿಲ್ಲಿಸಿದಾಗ ಬಳಸಲು ಬಾಯ್ಲರ್ ಇದೆಯೇ? ಕಿಟಕಿಗಳು ಎರಡು ಪದರದ ಗಾಜಿನವೇ? ಚಳಿಗಾಲದ ಬಿಸಿ ಊರಿಗೆಲ್ಲ ಒಂದೇ ಕಡೆಯಿಂದ ಕೊಳವೆಯಲ್ಲಿ ಬರುತ್ತದೆ. ಅಲ್ಮಾಟಿಯಲ್ಲಿ ಹೆಚ್ಚುಕಡಿಮೆ ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ. ಹಳೆಯ ಕಟ್ಟಡಗಳಲ್ಲಿ ಅದನ್ನು ಹೆಚ್ಚು ಕಡಿಮೆ ಮಾಡಲು ತಿರುಪು ಇರುವುದಿಲ್ಲ. ಹೊರಗೆ ಮೈನಸ್ 15 ಇದ್ದಾಗ ಒಳಗೆ ಬನಿಯನ್ನಿನಲ್ಲಿ ಕೂತು ಕಿಟಕಿ ತೆರೆಯುವ ಪರಿಸ್ಥಿತಿ.

ವಿಳಾಸ ಹುಡುಕಲು ಒಂದು ಸುಲಭ ದಾರಿ: ಅಲ್ಮಾಟಿಯ ದಕ್ಷಿಣಕ್ಕೆ ಬೆಟ್ಟಸಾಲು. ಊರಿನವರು ದಿಕ್ಕು ಹೇಳುವುದಿಲ್ಲ, ‘ಮೇಲೆ’, ‘ಕೆಳಗೆ’ ಅನ್ನುತ್ತಾರೆ. ಮೇಲೆ ಅಂದರೆ ಬೆಟ್ಟದ ಕಡೆ. ಗಟ್ಟದ ಮೇಲೆ, ಗಟ್ಟದ ಕೆಳಗೆ ಎಂದು ಕೇಳಿ ಬೆಳೆದವರಿಗೆ ಇದು ಒಂದೇ ದಿನದಲ್ಲಿ ರೂಢಿಯಾಗುತ್ತದೆ.

ಜಾಕೆಟ್ ಬೆಂಗಳೂರಲ್ಲೇ ತಗೊಳ್ಳಲಾ?

ಬೇಡ. ನಮ್ಮಲ್ಲಿ ಸಿಗುವುದು ಊಟಿ ಚಳಿಯ ಜಾಕೆಟ್ಟು. ಅಲ್ಮಾಟಿಯಲ್ಲಿ ಮೈನಸ್ 10ರ ಆಚೀಚೆ, ಅಸ್ತಾನಾದಲ್ಲಿ ಮೈನಸ್ 30. ಇಲ್ಲಿಂದ ಎರಡು ಜೊತೆ ಥರ್ಮಲ್ ಒಳಉಡುಪು, ಒಂದು ಸ್ವೆಟರು ಒಯ್ಯಿರಿ. ‘ಪುಖೋವಿಕ್’ ಎನ್ನುವ ಗರಿ ತುಂಬಿದ ಕೋಟು ಮತ್ತು ಬೂಟು ಅಲ್ಲಿಯೇ ಕೊಳ್ಳಿ. ಬೂಟು ಒಂದು ಸೈಜು ದೊಡ್ಡದಿರಲಿ. ದಪ್ಪ ಕಾಲುಚೀಲ ಹಾಕಿ ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಮರಗಟ್ಟುತ್ತದೆ. ಮೈಗೆ ಹತ್ತಿ ಬಟ್ಟೆ ಬೇಡ. ಬಸ್ಸಿನ ಬಿಸಿಗೆ ಬೆವತು ಒದ್ದೆಯಾದದ್ದು ಹೊರಗೆ ಬಂದ ಕೂಡಲೇ ಮೈ ಕೊರೆಯುತ್ತದೆ.

ಜನ ಜಾರಿ ಬೀಳುವುದು ಹಿಮದ ಮೇಲಲ್ಲ. ಹಗಲು ಕರಗಿ ರಾತ್ರಿ ಗಾಜಾದ ಮಂಜುಗಡ್ಡೆಯ ಮೇಲೆ. ಜೇಬಿನಿಂದ ಕೈ ಹೊರಗಿರಲಿ, ಹೆಜ್ಜೆ ಚಿಕ್ಕದಿರಲಿ. ಕಿವಿ, ಮೂಗಿನ ತುದಿ ಬಿಳಿಚಿ ಸ್ಪರ್ಶ ಹೋದರೆ ಹಿಮದಿಂದ ತಿಕ್ಕಬೇಡಿ, ಚರ್ಮ ಹರಿಯುತ್ತದೆ. ಒಳಗೆ ಹೋಗಿ 37ರಿಂದ 39 ಡಿಗ್ರಿಯ, ಅಂದರೆ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರಿನಿಂದ ಬಿಸಿ ಮಾಡಿ. ತುರ್ತಿಗೆ ಆಂಬುಲೆನ್ಸ್ 103, ಎಲ್ಲಕ್ಕೂ ಸೇರಿ 112.

ನವೆಂಬರ್ ಬಂದರೆ ಮೂಗಲ್ಲಿ ರಕ್ತ, ಗಂಟಲಲ್ಲಿ ಕೆರೆತ. ಚಳಿಗೆ ಹೀಗಾಗುತ್ತಾ?

ಅರ್ಧ ಒಣಗಾಳಿ, ಅರ್ಧ ಹೊಗೆ. ರೇಡಿಯೇಟರು ಕೋಣೆಯ ತೇವವನ್ನೆಲ್ಲ ಹೀರುತ್ತದೆ. ಅದರ ಮೇಲೆ ಒದ್ದೆ ಟವೆಲು ಹರವಿ, ಮೂಗಿನೊಳಗೆ ರಾತ್ರಿ ಎಣ್ಣೆ ಸವರಿ. ಹೊಗೆಗೆ ಕಾರಣ ಬೇರೆ: ಬೆಟ್ಟದ ಬುಡದ ಬೋಗುಣಿಯಲ್ಲಿ ತಣ್ಣನೆಯ ಗಾಳಿ ಕೂತುಬಿಡುತ್ತದೆ, ಮೇಲಿನ ಬೆಚ್ಚನೆ ಪದರ ಮುಚ್ಚಳವಾಗುತ್ತದೆ, ಕಲ್ಲಿದ್ದಲು ಮತ್ತು ವಾಹನದ ಹೊಗೆ ಅದರಡಿ ಸಿಕ್ಕಿಬೀಳುತ್ತದೆ. ಎನ್95 ಮುಖಗವಸು ಇಟ್ಟುಕೊಳ್ಳಿ. ರಜೆಯ ದಿನ 12ನೇ ನಂಬರಿನ ಬಸ್ಸು ಹತ್ತಿ 1,691 ಮೀಟರ್ ಎತ್ತರದ ಮೆದೆವು ಸ್ಕೇಟಿಂಗ್ ಅಂಗಳಕ್ಕೆ ಹೋಗಿ. ಎಷ್ಟೋ ದಿನ ಅಲ್ಲಿ ನೀಲಿ ಆಕಾಶ, ಕೆಳಗೆ ಊರಿನ ಮೇಲೆ ಕಂದು ಕಂಬಳಿ.

ಇಡ್ಲಿ ಹಿಟ್ಟು ಹುಳಿ ಬರುತ್ತಾ? ಬೇಳೆಕಾಳು ಸಿಗುತ್ತಾ?

ಹಿಟ್ಟು ಬೆಂಗಳೂರಿಗಿಂತ ಚೆನ್ನಾಗಿ ಹುಳಿ ಬರುತ್ತದೆ. ಪಾತ್ರೆಯನ್ನು ರೇಡಿಯೇಟರಿನ ಮೇಲಿಡಬೇಡಿ, ಬುಡ ಬೆಂದು ಮೇಲೆ ಹಸಿಯಾಗಿರುತ್ತದೆ. ಪಕ್ಕದ ಸ್ಟೂಲಿನ ಮೇಲೆ ಮಡಿಸಿದ ಟವೆಲ್ ಹಾಕಿ, ತಟ್ಟೆ ಮುಚ್ಚಿ ಇಡಿ. ಏಳೆಂಟು ಗಂಟೆಗೆ ಉಕ್ಕಿರುತ್ತದೆ. ಕಿಜಿಲೋರ್ದಾ ಕಡೆಯ ಗುಂಡಕ್ಕಿ ದೋಸೆಗೂ ಮೊಸರನ್ನಕ್ಕೂ ಒದಗುತ್ತದೆ.

ಅಲ್ಮಾಟಿಯ ಹಸಿರು ಬಜಾರಿನಲ್ಲಿ ‘ಮಾಷ್’ ಎಂದು ಕೇಳಿದರೆ ಹೆಸರುಕಾಳು, ‘ನೂತ್’ ಎಂದರೆ ಕಡಲೆ, ‘ಜೀರಾ’ ಎಂದರೆ ಜೀರಿಗೆಯೇ, ‘ಕಿಂಜಾ’ ಎಂದರೆ ಕೊತ್ತಂಬರಿ ಸೊಪ್ಪು. ಮೊಸರಿಗೆ ‘ಐರಾನ್’ ಅಥವಾ ಗಟ್ಟಿಯಾದ ‘ಕಾತಿಕ್’. ಒಯ್ಯಬೇಕಾದವು: ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಇಂಗು, ಸಾರಿನ ಪುಡಿ, ನೆರಳಲ್ಲಿ ಒಣಗಿಸಿದ ಕರಿಬೇವು, ತೊಗರಿಬೇಳೆ. ನಮ್ಮ ಮಿಕ್ಸಿ ಅಲ್ಲಿನ 220 ವೋಲ್ಟಿನಲ್ಲಿ ಓಡುತ್ತದೆ, ಆದರೆ ಮೂರು ಪಿನ್ನಿನ ಪ್ಲಗ್ಗು ಹೋಗುವುದಿಲ್ಲ. ಮಿಕ್ಸಿಯ ಭಾರ ತಡೆಯುವ ಅಡಾಪ್ಟರ್ ತನ್ನಿ, ಫೋನಿಗೆ ಬಳಸುವ ಅಗ್ಗದ್ದು ಸುಟ್ಟುಹೋಗುತ್ತದೆ.

ನಾವು ಸಸ್ಯಾಹಾರಿಗಳು. ಬದುಕೋಕಾಗುತ್ತಾ?

ಮನೆಯಲ್ಲಿ ಮಾಡಿಕೊಂಡರೆ ಆರಾಮ, ಹೊರಗೆ ಎಚ್ಚರ ಬೇಕು. ‘ಮಾಂಸ ಬೇಡ’ ಅಂದರೆ ಕೋಳಿ ಹಾಕಿ ಕೊಡುತ್ತಾರೆ, ಅವರ ಲೆಕ್ಕದಲ್ಲಿ ಕೋಳಿ ಮಾಂಸವೇ ಅಲ್ಲ. ತರಕಾರಿ ಸೂಪಿನ ನೀರೂ ‘ಸೊರ್ಪಾ’, ಅಂದರೆ ಮೂಳೆ ಬೇಯಿಸಿದ ರಸ ಆಗಿರಬಹುದು. ‘ಮೆನ್ ಎತ್ ಝೆಮೆಯ್ಮಿನ್’ (ನಾನು ಮಾಂಸ ತಿನ್ನುವುದಿಲ್ಲ) ಎಂದ ಮೇಲೆ ಕೋಳಿ, ಮೀನು, ಸೊರ್ಪಾ ಮೂರನ್ನೂ ಹೆಸರು ಹಿಡಿದು ಬೇಡ ಅನ್ನಿ. ‘ಎತ್‌ಸಿಜ್ ಬಾರ್ ಮಾ?’ ಎಂದರೆ ಮಾಂಸವಿಲ್ಲದ್ದು ಇದೆಯೇ ಎಂದು.

ಧೈರ್ಯವಾಗಿ ತಿನ್ನಬಹುದಾದವು ಒಲೆಯಿಂದಿಳಿದ ತಂದೂರ್ ನಾನ್, ಕೆನೆ, ಬೆಣ್ಣೆ, ಜಾಮು, ಬಜಾರಿನ ಕೊರಿಯನ್ ಸಾಲುಗಳಲ್ಲಿ ಸಿಗುವ ಖಾರದ ಕ್ಯಾರೆಟ್ ಕೋಸಂಬರಿ. ಬಾವುರ್ಸಾಕ್ ಎನ್ನುವ ಹುಳಿಹಿಟ್ಟಿನ ಉಂಡೆ ನೋಡಿದರೆ ಮಂಗಳೂರು ಬನ್ಸಿನ ತಮ್ಮನ ಹಾಗಿದೆ. ಎಣ್ಣೆಯಲ್ಲಿ ಕರಿದದ್ದೋ ಕೊಬ್ಬಿನಲ್ಲೋ ಎಂದು ಕೇಳಿ ತಿನ್ನಿ. ‘ಕುರುತ್’ ಅಂದರೆ ಮೊಸರನ್ನು ಬಸಿದು, ಉಪ್ಪು ಹಾಕಿ, ಉಂಡೆ ಕಟ್ಟಿ ಬಿಸಿಲಲ್ಲಿ ಒಣಗಿಸಿದ್ದು. ಕಲ್ಲಿನಂತಿರುತ್ತದೆ, ಕಚ್ಚಬೇಡಿ, ದವಡೆಯಲ್ಲಿಟ್ಟು ಚೀಪಿ.

## ಜನ, ಮಾತು, ಮನೆಗೆ ಕರೆದಾಗ

ರಷ್ಯನ್ ಕಲೀಬೇಕಾ, ಕಜಕ್ ಕಲೀಬೇಕಾ?

ಅಲ್ಮಾಟಿಯ ಅಂಗಡಿ, ಬ್ಯಾಂಕು, ಟ್ಯಾಕ್ಸಿಗೆ ರಷ್ಯನ್ ಸಾಕು, ಅದನ್ನು ಮೊದಲು ಕಲಿಯಿರಿ. ಆದರೆ ಅವುಲಿನ ಬಾಗಿಲು ತೆರೆಯುವುದು ಕಜಕ್ ಮಾತಿಗೆ. ಕನ್ನಡಿಗರಿಗೆ ಅದು ರಷ್ಯನ್ನಿಗಿಂತ ಸಲೀಸು. ವಾಕ್ಯದ ಜೋಡಣೆ ನಮ್ಮದೇ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ವಿಭಕ್ತಿ ಹೆಸರಿನ ಬಾಲಕ್ಕೆ ಅಂಟುತ್ತದೆ. ‘ಉಯ್’ ಅಂದರೆ ಮನೆ. ಉಯ್‌ದೆ ಮನೆಯಲ್ಲಿ, ಉಯ್‌ದೆನ್ ಮನೆಯಿಂದ, ಉಯ್‌ಗೆ ಮನೆಗೆ! ಬಜಾರ್‌ಗಾ ಎಂದರೆ ಬಜಾರಿಗೆ. ಇಷ್ಟರಿಂದ ಎರಡೂ ಭಾಷೆ ನೆಂಟರು ಎಂದು ಸಾಧಿಸಲು ಹೊರಡಬೇಡಿ, ಕಾಕತಾಳೀಯ ಅಂದುಕೊಂಡು ಲಾಭ ಪಡೆಯಿರಿ. ಪಾರ್ಸಿ, ಅರಬ್ಬಿ ಕಡೆಯಿಂದ ಬಂದ ಕಿತಾಪ್, ಕಲಂ, ದುನಿಯೆ, ಸಾಬಿನ್, ಮೈದಾನ್ ನಮಗೂ ಗೊತ್ತಿರುವ ಪದಗಳೇ.

ಕಷ್ಟವಾಗುವುದು ಸ್ವರಗಳ ಹೊಂದಾಣಿಕೆ. ಪದದ ಕೊನೆಯ ಸ್ವರ ಬಾಯಿಯ ಮುಂಭಾಗದ್ದಾದರೆ ಬಾಲದ್ದೂ ಮುಂಭಾಗದ್ದೇ ಆಗಬೇಕು. ಅದಕ್ಕೇ ಉಯ್‌‘ಗೆ’, ಬಜಾರ್‌‘ಗಾ’. ಲಿಪಿ ಸಿರಿಲಿಕ್, 42 ಅಕ್ಷರ. ನಮ್ಮ ಬಳಕೆ ತಪ್ಪಿಹೋದ ‘ಙ’ಗೂ ಅಲ್ಲೊಂದು ಅಕ್ಷರ ಇದೆ, ದಿನವೂ ಬಳಕೆಯಲ್ಲಿದೆ.

ಯಾರನ್ನು ಹೇಗೆ ಕರೀಬೇಕು?

‘ಸಿಜ್’ ಅಂದರೆ ನೀವು, ‘ಸೆನ್’ ಅಂದರೆ ನೀನು. ನಮ್ಮಲ್ಲಿ ಎಲ್ಲಿ ನೀವು ಹೇಳುತ್ತೀರೋ ಅಲ್ಲೆಲ್ಲ ಸಿಜ್ ಹೇಳಿ. ಅಜ್ಜನಿಗೆ ‘ಆತಾ’, ಅಜ್ಜಿಗೆ ‘ಆಪಾ’, ಅಣ್ಣನ ವಯಸ್ಸಿನವರಿಗೆ ‘ಅಗಾ’, ಮೇಡಮ್ಮಿಗೆ ‘ಅಪಾಯ್’. ಕೊನೆಯದು ಕನ್ನಡದ ಕಿವಿಗೆ ತಮಾಷೆ, ನಗು ತಡೆದುಕೊಳ್ಳಿ. ನಮಸ್ಕಾರಕ್ಕೆ ‘ಸಲೆಮೆತ್ಸಿಜ್ ಬೆ’, ಧನ್ಯವಾದಕ್ಕೆ ‘ರಖ್ಮೆತ್’. ಹಿರಿಯರಾದರೆ ನೀವು ಭಾರತದವರು ಎಂದ ಕೂಡಲೇ ರಾಜ್ ಕಪೂರ್, ಮಿಥುನ್ ಚಕ್ರವರ್ತಿ ಹೆಸರು ಬರುತ್ತದೆ. ಹಾಡು ಬಂದರೆ ಒಂದು ಸಾಲು ಗುನುಗಿ, ಮುಂದಿನ ಅರ್ಧ ಗಂಟೆ ಭಾಷೆ ಬೇಕಾಗುವುದಿಲ್ಲ.

ಊಟಕ್ಕೆ ಕರೆದಿದ್ದಾರೆ. ಏನು ತಗೊಂಡು ಹೋಗಲಿ, ಹೇಗೆ ನಡೆದುಕೊಳ್ಳಲಿ?

ಬರಿಗೈಯಲ್ಲಿ ಹೋಗಬೇಡಿ. ಚಾಕೊಲೇಟು, ಹಣ್ಣು, ಒಳ್ಳೆಯ ಚಹಾಪುಡಿ ಸಾಕು. ಊರಿಂದ ತಂದ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿಯೋ ಅಜ್ಜಿಗೊಂದು ರೇಷ್ಮೆ ಶಾಲೋ ಇದ್ದರೆ ನಿಮ್ಮನ್ನು ವರ್ಷಗಟ್ಟಲೆ ನೆನೆಯುತ್ತಾರೆ. ಚಪ್ಪಲಿ ಬಾಗಿಲಲ್ಲೇ ಬಿಡಿ. ಹೊಸ್ತಿಲ ಮೇಲೆ ನಿಂತು ಕೈ ಕುಲುಕಬಾರದು. ಒಳಗೆ ಬಂದು ಮಾತಾಡಿಸಿ. ಹೊಸ್ತಿಲು ತುಳೀಬೇಡ ಎಂದು ಬೈಸಿಕೊಂಡು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಊಟಕ್ಕೆ ಹಾಸುವ ಬಟ್ಟೆಗೆ ‘ದಸ್ತರ್ಖಾನ್’ ಎನ್ನುತ್ತಾರೆ, ಅದನ್ನು ದಾಟಬೇಡಿ, ಕಾಲು ಅದರ ಕಡೆ ಚಾಚಬೇಡಿ. ನಾನ್ ಅನ್ನು ಕವುಚಿ ಇಡಬಾರದು, ನೆಲಕ್ಕೆ ಬಿದ್ದ ಚೂರನ್ನು ತುಳಿಯಬಾರದು. ಬಾಗಿಲಿಗೆ ಎದುರಾದ ದೂರದ ಜಾಗ ‘ತೋರ್’. ಹಿರಿಯರಿಗೂ ಅತಿಥಿಗೂ ಅದು. ನೀವಾಗಿ ಹೋಗಿ ಕೂರಬೇಡಿ, ಕರೆದರೆ ಒಂದು ಸಲ ಬೇಡ ಅಂದು ಆಮೇಲೆ ಹೋಗಿ.

ದೊಡ್ಡ ಊಟವೆಂದರೆ ಬೆಶ್‌ಬರ್ಮಾಕ್, ‘ಐದು ಬೆರಳು’. ಅಗಲವಾಗಿ ಲಟ್ಟಿಸಿ ಬೇಯಿಸಿದ ಹಿಟ್ಟಿನ ಹಾಳೆ, ಮೇಲೆ ಕುರಿ ಅಥವಾ ಕುದುರೆ ಮಾಂಸ, ಈರುಳ್ಳಿ ರಸ. ಸಸ್ಯಾಹಾರಿಗಳು ಎರಡು ದಿನ ಮುಂಚೆಯೇ ಹೇಳಿಬಿಡಿ. ತಟ್ಟೆ ಬಂದ ಮೇಲೆ ಹೇಳಿದರೆ ಮನೆಯೊಡತಿಗೆ ಅವಮಾನ. ಮುಗಿದ ಮೇಲೆ ಹಿರಿಯರು ‘ಬಾತಾ’ ಹೇಳುತ್ತಾರೆ, ಹರಸುವ ಮಾತು. ಅಂಗೈ ಬಿಚ್ಚಿ ಹಿಡಿದು ಕೊನೆಗೆ ಎಲ್ಲರೂ ಮುಖ ಸವರಿಕೊಳ್ಳುತ್ತಾರೆ. ಯಾವ ಧರ್ಮದವರಾದರೂ ಜತೆಗೂಡಬಹುದು. ಹೊರಡುವಾಗ ಚೀಲಕ್ಕೆ ತಿಂಡಿ ತುಂಬಿ ಕೊಡುವುದು ‘ಸರ್ಕಿತ್’. ಬೇಡ ಅನ್ನಬಾರದು. ತೀರಾ ಅವಸರವಿದ್ದು ಕೂರಲಾಗದಿದ್ದರೆ ನಿಂತಲ್ಲೇ ನಾನ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳಿ, ಊಟ ಮಾಡಿದಷ್ಟೇ ಮರ್ಯಾದೆ.

ಚಹಾ ಅರ್ಧ ಬಟ್ಟಲು ಕೊಟ್ಟರು. ಜಿಪುಣತನವಾ?

ತದ್ವಿರುದ್ಧ. ಅರ್ಧ ಬಟ್ಟಲು ಬೇಗ ಖಾಲಿಯಾಗುತ್ತದೆ, ಮತ್ತೆ ಮತ್ತೆ ಬಿಸಿ ಚಹಾ ತುಂಬಬಹುದು, ನೀವು ಹೆಚ್ಚು ಹೊತ್ತು ಕೂರುತ್ತೀರಿ. ತುಂಬಿ ತುಳುಕುವ ಬಟ್ಟಲು ‘ಕುಡಿದು ಹೊರಡಿ’ ಅನ್ನುವ ಸೂಚನೆ. ಹಿಡಿ ಇಲ್ಲದ ಆ ಬಟ್ಟಲಿಗೆ ಮೊದಲು ಹಾಲು, ಆಮೇಲೆ ಕಡು ಡಿಕಾಕ್ಷನ್ನು, ಕೊನೆಗೆ ಕುದಿನೀರು. ಸಾಕಾದರೆ ಬಟ್ಟಲ ಮೇಲೆ ಅಂಗೈ ಮುಚ್ಚಿ ‘ರಖ್ಮೆತ್’ ಅನ್ನಿ. ಸುಮ್ಮನೆ ಖಾಲಿ ಬಟ್ಟಲು ಕೆಳಗಿಟ್ಟರೆ ಎಂಟನೆಯದೂ ಬರುತ್ತದೆ.

ಕುರಿ ತಲೆ ತಂದು ನನ್ನ ಮುಂದೇನೇ ಇಟ್ಟರೆ ಏನು ಮಾಡಲಿ?

ಅದು ಆ ದಿನದ ಅತಿ ದೊಡ್ಡ ಗೌರವ. ತೆಗೆದುಕೊಂಡವರು ಸಣ್ಣ ಸಣ್ಣ ಚೂರು ಕೊಯ್ದು ಸುತ್ತ ಹಂಚುತ್ತಾರೆ. ಕಿವಿ ಮಕ್ಕಳಿಗೆ, ಹೇಳಿದ ಮಾತು ಕೇಳಲಿ ಅಂತ. ತಂದೆ ಬದುಕಿರುವವರು ತಲೆಗೆ ಕೈ ಹಾಕುವುದಿಲ್ಲ ಎಂಬ ರೂಢಿಯೂ ಇದೆ. ನಿಮ್ಮ ಅಪ್ಪ ಇದ್ದರೆ ಅದನ್ನು ಹೇಳಿ, ಪಕ್ಕದ ಹಿರಿಯರ ಕಡೆ ತಟ್ಟೆ ಸರಿಸಿ. ಯಾರಿಗೂ ಬೇಸರವಾಗುವುದಿಲ್ಲ, ಪದ್ಧತಿ ಬಲ್ಲವನು ಎಂಬ ಹೆಸರು ಬರುತ್ತದೆ.

ನೌರಿಜ್ ಅಂದರೆ ನಮ್ಮ ಯುಗಾದೀನಾ?

ಹೊಸ ವರ್ಷ ಎನ್ನುವಷ್ಟಕ್ಕೆ ಹೌದು. ಹಗಲು ರಾತ್ರಿ ಸಮವಾಗುವ ಹೊತ್ತಿಗೆ, ಮಾರ್ಚ್ 21ರಿಂದ 23ರವರೆಗೆ ರಜೆ. ನಮ್ಮ ಚಾಂದ್ರಮಾನದಂತೆ ದಿನ ಓಡಾಡುವುದಿಲ್ಲ. ನಾವು ಬೇವು ಬೆಲ್ಲ ಹಂಚುವಂತೆ ಅವರು ‘ನೌರಿಜ್ ಕೊಜೆ’ ಹಂಚುತ್ತಾರೆ. ನೀರು, ಹಾಲು ಅಥವಾ ಐರಾನ್, ಮಾಂಸ, ಉಪ್ಪು, ಕೊಬ್ಬು, ಹಿಟ್ಟು, ಕಾಳು, ಹೀಗೆ ಏಳು ಬಗೆ ಸೇರಿದ ಹುಳಿ ಗಂಜಿ. ಇಲ್ಲೂ ‘ಎತ್‌ಸಿಜ್’ ಕೇಳಿಕೊಳ್ಳಿ.

## ಹಳ್ಳಿ, ಹುಲ್ಲುಗಾವಲು

ವಾರಾಂತ್ಯ ಎರಡೇ ದಿನ ಇದೆ. ಎಲ್ಲಿಗೆ ಹೋಗಲಿ?

ಸಾತಿ ಹಳ್ಳಿಗೆ. ಅಲ್ಮಾಟಿಯಿಂದ ಐದು ಗಂಟೆ ದಾರಿ, ಮನೆಗಳಲ್ಲೇ ಊಟ-ವಸತಿ. ಹೋಗುವಾಗ ಚಾರಿನ್ ಕಣಿವೆ ಬೆಳಿಗ್ಗೆ 10ರೊಳಗೆ ನೋಡಿ ಮುಗಿಸಿ. ಜುಲೈಯಲ್ಲಿ ಅದು ಕಾವಲಿ, ನೆರಳಿಲ್ಲ, ಒಬ್ಬೊಬ್ಬರಿಗೆ ಮೂರು ಲೀಟರ್ ಕುಡಿಯುವ ನೀರು ಬೇಕು. ಸಾತಿಯಿಂದ ಕೈಂದಿ ಕೆರೆಗೆ ‘ಬುಖಾಂಕಾ’ ಎನ್ನುವ, ಬ್ರೆಡ್ಡಿನ ಆಕಾರದ ಹಳೇ ವ್ಯಾನು ಹೋಗುತ್ತದೆ. ಹೊಳೆ ದಾಟಬೇಕಾದ ದಾರಿ, ಬಾಡಿಗೆ ಕಾರು ನುಗ್ಗಿಸಬೇಡಿ. 1911ರ ಭೂಕಂಪದಲ್ಲಿ ಗುಡ್ಡ ಕುಸಿದು ಕಣಿವೆಗೆ ಅಡ್ಡ ಬಿತ್ತು, ನೀರು ನಿಂತು ಸ್ಪ್ರೂಸ್ ಮರಗಳು ಮುಳುಗಿದವು. ಮೇಲೆ ಕೊಂಬೆಯಿಲ್ಲದ ಬೋಳು ಕಂಬಗಳು. ತಣ್ಣೀರಿನೊಳಗೆ ಕೊಂಬೆ ಇನ್ನೂ ಹಾಗೇ.

ಎರಡನೇ ದಿನ ಕೊಲ್ಸಾಯ್. ಮೊದಲ ಕೆರೆಯವರೆಗೆ ರಸ್ತೆ, ಅಲ್ಲಿಂದ ಎರಡನೆಯದಕ್ಕೆ ಸುಮಾರು 8 ಕಿ.ಮೀ. ಏರುದಾರಿ. ಬೆಳಿಗ್ಗೆ 8ಕ್ಕೆ ಹೊರಡದಿದ್ದರೆ ಕತ್ತಲೊಳಗೆ ಇಳಿಯಲಾಗದು. ಮೂರನೆಯದು ಕಿರ್ಗಿಜ್ ಗಡಿ ವಲಯದ ಕಡೆಗಿದೆ, ಪರವಾನಗಿ ಇಲ್ಲದೆ ಹೋಗಬೇಡಿ.

ಜೈಲಾವ್ ಅಂದರೇನು? ಯಾವಾಗ ಹೋದರೆ ಚೆನ್ನ?

ಬೇಸಿಗೆಯ ಎತ್ತರದ ಹುಲ್ಲುಗಾವಲು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕುರುಬರು ಕುರಿ, ಕುದುರೆಗಳೊಂದಿಗೆ ಅಲ್ಲಿರುತ್ತಾರೆ. ಅಲ್ಮಾಟಿಗೆ ಹತ್ತಿರದ್ದು ಅಸ್ಸಿ ಪ್ರಸ್ಥಭೂಮಿ. ಜೂನ್ ಕೊನೆಯಿಂದ ಜುಲೈ ನಡುವೆ ಹೂವು, ಹಾಲು ಎರಡೂ ಇರುತ್ತವೆ. ಜುಲೈಯಲ್ಲೂ ರಾತ್ರಿ ಐದಾರು ಡಿಗ್ರಿಗೆ ಇಳಿಯುತ್ತದೆ, ಕೋಟು ಬಿಟ್ಟು ಹೋಗಬೇಡಿ. ಒಲೆಗೆ ಬೆರಣಿ, ಶೌಚಾಲಯ ಐವತ್ತು ಹೆಜ್ಜೆ ದೂರ, ಟಾರ್ಚು ಬೇಕು.

ಡೇರೆಯ ಕಡೆ ನೇರ ನಡೆದು ಹೋಗಬೇಡಿ. ಕಾವಲು ನಾಯಿಗಳು ಕರುವಿನಷ್ಟಿರುತ್ತವೆ. ದೂರದಲ್ಲೇ ನಿಂತು ಕೂಗಿ, ಮನೆಯವರು ನಾಯಿ ಹಿಡಿಯುವವರೆಗೆ ಕಾಯಿರಿ. ಕುದುರೆ ಮೇಲಿದ್ದರೆ ನಿಧಾನ. ನಾಗಾಲೋಟದಲ್ಲಿ ಬರುವವನು ಕೆಟ್ಟ ಸುದ್ದಿ ತರುವವನು.

ಕುಮಿಸ್ ಕುಡಿದರೆ ಹೊಟ್ಟೆ ಕೆಡುತ್ತಾ? ನಶೆ ಏರುತ್ತಾ?

ಮೊದಲ ದಿನ ಅರ್ಧ ಬಟ್ಟಲಿಗಿಂತ ಹೆಚ್ಚು ಕುಡಿದರೆ ಹೊಟ್ಟೆ ಖಂಡಿತ ಮಾತಾಡುತ್ತದೆ. ಹೆಣ್ಣು ಕುದುರೆಯ ಹಾಲನ್ನು ಹಳೆಯ ಕುಮಿಸ್ಸಿನ ಹೆಪ್ಪು ಹಾಕಿ, ಚರ್ಮದ ‘ಸಾಬಾ’ದಲ್ಲೋ ಮರದ ಪೀಪಾಯಿಯಲ್ಲೋ ತುಂಬಿ, ಉದ್ದ ಕೋಲಿನಿಂದ ನೂರಾರು ಸಲ ಕುಕ್ಕಿ ಹುಳಿ ಬರಿಸುತ್ತಾರೆ. ಹುಳಿ ಮಜ್ಜಿಗೆಗೆ ಸೋಡಾ ಬೆರೆಸಿ ಹೊಗೆಗೆ ಹಿಡಿದಂಥ ರುಚಿ. ಹುಳಿಯುವಾಗ ಮದ್ಯಾಂಶವೂ ಹುಟ್ಟುತ್ತದೆ, ನೂರಕ್ಕೆ ಒಂದರಿಂದ ಮೂರು ಪಾಲು. ವ್ರತ ಇದ್ದವರಿಗೂ ಗಾಡಿ ಓಡಿಸುವವರಿಗೂ ಬೇಡ. ಹುಳಿ ಬಾರದ ಹಸಿ ಹಾಲು ‘ಸೌಮಾಲ್’. ಸಿಹಿಯಾಗಿದೆ ಎಂದು ಎರಡು ಲೋಟ ಎತ್ತಿದವರು ಟಾರ್ಚು ಹಿಡಿದು ಓಡುತ್ತಾರೆ.

ಕುದುರೆಯ ಹಾಲು ಕರೆಯುವುದನ್ನು ನೋಡಬೇಕು ಎಂದು ಕೇಳಿಕೊಳ್ಳಿ. ಮರಿಗಳನ್ನು ನೆಲಕ್ಕೆ ಕಟ್ಟಿದ ಉದ್ದ ಹಗ್ಗಕ್ಕೆ ಬಿಗಿದಿರುತ್ತಾರೆ. ಮರಿ ಎರಡು ಗುಟುಕು ಚೀಪಿದ ಮೇಲಷ್ಟೇ ತಾಯಿ ಸೊರೆ ಬಿಡುತ್ತದೆ. ಒಂದು ಸಲಕ್ಕೆ ಬರುವುದು ಸ್ವಲ್ಪವೇ, ಹಾಗಾಗಿ ಎರಡು ಗಂಟೆಗೊಮ್ಮೆ ದಿನಕ್ಕೆ ಐದಾರು ಸಲ ಕರೆಯಬೇಕು. ಬಾಟಲಿಗೆ ಯಾಕಿಷ್ಟು ಬೆಲೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಬಾಟಲಿ ತರುವುದಾದರೆ ಮುಚ್ಚಳ ಆಗಾಗ ಸಡಿಲಿಸಿ, ಕಾರಿನ ಕುಲುಕಿಗೆ ಸಿಡಿಯುತ್ತದೆ.

ಬೆಟ್ಟದಲ್ಲಿ ಉಣ್ಣಿ ಕಚ್ಚಿದರೆ ಮಿದುಳು ಜ್ವರ ಅಂತೆ. ಹೆದರಿಸ್ತಿದಾರಾ?

ಹೆದರಿಸುತ್ತಿಲ್ಲ. ಅಲ್ಮಾಟಿ ಬೆಟ್ಟಗಳಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಉಣ್ಣಿಯಿಂದ ಹರಡುವ ಎನ್‌ಸೆಫಲೈಟಿಸ್ ಇದೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದರ ಜಾಡು ಗೊತ್ತು. ಎರಡೂ ಒಂದೇ ಗುಂಪಿನ ವೈರಸ್ಸು. ಲಸಿಕೆ ಇದೆ. ಮೊದಲೆರಡು ಡೋಸುಗಳ ನಡುವೆ ಒಂದರಿಂದ ಮೂರು ತಿಂಗಳು ಅಂತರ ಬೇಕು, ಹಾಗಾಗಿ ಚಳಿಗಾಲದಲ್ಲೇ ಶುರು ಮಾಡಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಮೇಲೆತ್ತಿ. ಎಣ್ಣೆ ಹಾಕುವುದು, ಸುಡುವುದು ಬೇಡ.

## ಇನ್ನೂ ಒಳಗೆ

ಹೊಸ ಪರಿಚಯದಲ್ಲೇ ‘ಯಾವ ಕುಲ’ ಅಂತ ಒಬ್ಬರನ್ನೊಬ್ಬರು ಕೇಳ್ತಾರೆ. ಜಾತೀನಾ?

ಅಲ್ಲ, ಮೇಲು ಕೀಳಿನ ಏಣಿ ಅದರಲ್ಲಿಲ್ಲ. ‘ರು’ ಅಂದರೆ ವಂಶ, ನಮ್ಮ ಬಳಿ, ಬೆಡಗುಗಳಿಗೆ ಹತ್ತಿರ. ‘ಝೆತಿ ಆತಾ’ ಅಂದರೆ ಏಳು ತಾತಂದಿರು. ಏಳು ತಲೆಮಾರಿನ ಹೆಸರು ಬಾಯಲ್ಲಿರಬೇಕು, ಅಷ್ಟರೊಳಗೆ ಸಂಬಂಧ ಸಿಕ್ಕಿದರೆ ಮದುವೆ ಇಲ್ಲ. ಸೋದರಮಾವನ ಮಗಳನ್ನು ತಂದುಕೊಳ್ಳುವ ನಮ್ಮ ಪದ್ಧತಿಯನ್ನು ಅಲ್ಲಿ ಹೇಳಿದರೆ ಕೇಳಿದವರ ಬಟ್ಟಲು ಕೈಯಲ್ಲೇ ನಿಲ್ಲುತ್ತದೆ.

ಇಷ್ಟೊಂದು ಕೊರಿಯನ್ನರು, ಜರ್ಮನ್ನರು, ಚೆಚೆನ್ನರು ಇಲ್ಲಿ ಹೇಗೆ ಬಂದರು?

ತಾವಾಗಿ ಬಂದವರಲ್ಲ. ಸ್ಟಾಲಿನ್ ಕಾಲದಲ್ಲಿ ರೈಲಿಗೆ ತುಂಬಿ ತಂದು ಬಿಟ್ಟವರು: 1937ರಲ್ಲಿ ಕೊರಿಯನ್ನರು, 1941ರಲ್ಲಿ ವೋಲ್ಗಾ ಜರ್ಮನ್ನರು, 1944ರಲ್ಲಿ ಚೆಚೆನ್ನರು. ಅದಕ್ಕೂ ಮುಂಚೆ, 1930ರ ನಂತರದ ಮೂರು ವರ್ಷಗಳಲ್ಲಿ, ದನಕುರಿ ಕಿತ್ತುಕೊಂಡು ಅಲೆಮಾರಿಗಳನ್ನು ನೆಲೆ ನಿಲ್ಲಿಸುವ ನೀತಿ ತಂದ ಬರದಲ್ಲಿ ಸುಮಾರು 15 ಲಕ್ಷ ಜನ ಸತ್ತರು. ಮೇ 31 ಅವರೆಲ್ಲರ ನೆನಪಿನ ದಿನ. ನಾನ್ ಚೂರನ್ನು ಎಸೆಯಬೇಡ ಎಂದು ಅಜ್ಜಿ ಗದರುವಾಗ ಇದೂ ಅದರ ಹಿಂದಿರುತ್ತದೆ. ‘ಸೋವಿಯತ್ ಕಾಲ ಚೆನ್ನಾಗಿತ್ತಂತೆ’ ಎಂದು ಊಟದ ಮುಂದೆ ನೀವಾಗಿ ಮಾತು ತೆಗೆಯಬೇಡಿ.

ಅಳಗುಳಿ ಮಣೆ ಥರದ್ದೊಂದು ಆಟ ನೋಡಿದೆ. ಆಡೋದು ಹೇಗೆ?

ಅದು ‘ತೊಗಿಜ್ ಕುಮಲಾಕ್’. ತೊಗಿಜ್ ಅಂದರೆ ಒಂಬತ್ತು, ಕುಮಲಾಕ್ ಅಂದರೆ ಕುರಿಯ ಹಿಕ್ಕೆ, ಹೆಸರು ಕುರುಬರದ್ದೇ. 2020ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ನಮ್ಮ ಮಣೆಯಲ್ಲಿ ಒಂದು ಕಡೆಗೆ ಏಳು ಗುಳಿ, ಅಲ್ಲಿ ಒಂಬತ್ತು. ಪ್ರತಿ ಗುಳಿಗೆ 9 ಕಾಯಿ, ಒಟ್ಟು 162. ಗೆದ್ದದ್ದು ಹಾಕಲು ಒಬ್ಬೊಬ್ಬರಿಗೆ ಒಂದೊಂದು ‘ಕಜಾನ್’, ಅಂದರೆ ಕೊಪ್ಪರಿಗೆ.

ನಿಮ್ಮ ಸಾಲಿನ ಒಂದು ಗುಳಿಯ ಕಾಯನ್ನೆಲ್ಲ ಎತ್ತಿ, ಮೊದಲನೆಯದನ್ನು ಎತ್ತಿದ ಗುಳಿಗೇ ಹಾಕಿ, ಉಳಿದದ್ದನ್ನು ಗಡಿಯಾರಕ್ಕೆ ಎದುರಾಗಿ ಒಂದೊಂದೇ ಬಿಡುತ್ತಾ ಹೋಗಿ. ಗುಳಿಯಲ್ಲಿ ಒಂದೇ ಇದ್ದರೆ ಅದು ಪಕ್ಕಕ್ಕೆ ಹೋಗುತ್ತದೆ. ಕೊನೆಯ ಕಾಯಿ ಎದುರಾಳಿಯ ಗುಳಿಗೆ ಬಿದ್ದು ಅಲ್ಲಿನ ಲೆಕ್ಕ ಸರಿಸಂಖ್ಯೆಯಾದರೆ ಅಷ್ಟೂ ನಿಮ್ಮದು. ಸರಿಯಾಗಿ ಮೂರಾದರೆ ಆ ಗುಳಿಯೇ ನಿಮ್ಮದು, ಅದು ‘ತುಜ್ದಿಕ್’. ಮುಂದೆ ಅದಕ್ಕೆ ಬಿದ್ದದ್ದೆಲ್ಲ ನಿಮ್ಮ ಕೊಪ್ಪರಿಗೆಗೆ. ಒಬ್ಬರಿಗೆ ಒಂದೇ ತುಜ್ದಿಕ್, ಒಂಬತ್ತನೇ ಗುಳಿಯಲ್ಲಿ ಮಾಡುವಂತಿಲ್ಲ, ಎದುರಾಳಿ ನಾಲ್ಕನೆಯದರಲ್ಲಿ ಮಾಡಿದ್ದರೆ ನೀವೂ ನಾಲ್ಕನೆಯದರಲ್ಲಿ ಮಾಡುವಂತಿಲ್ಲ. 82 ಮುಟ್ಟಿದವರು ಗೆದ್ದ ಹಾಗೆ.

ಅಳಗುಳಿಯ ಅಭ್ಯಾಸ ಇದ್ದವರು ಸೋಲುವುದು ಒಂದೇ ಕಾರಣಕ್ಕೆ: ಕೈ ತಾನಾಗಿ ಮುಂದಿನ ಗುಳಿಯಿಂದ ಬಿತ್ತಲು ಶುರು ಮಾಡುತ್ತದೆ, ಎತ್ತಿದ ಗುಳಿಗೆ ಮೊದಲ ಕಾಯಿ ಹಾಕುವುದು ಮರೆತುಹೋಗುತ್ತದೆ. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿ, 162 ಹುಣಸೆಬೀಜ ಎಣಿಸಿಕೊಂಡು ಹಾಸ್ಟೆಲ್ಲಿನಲ್ಲೇ ಕೈ ಪಳಗಿಸಿ. ಅವುಲಿನ ಎಂಟು ವರ್ಷದ ಹುಡುಗನ ಎದುರು ಮೊದಲ ಹತ್ತು ಆಟ ಆಗಲೂ ಸೋಲುತ್ತೀರಿ.